ಇರಿತಕ್ಕೆ ಮುಂಚಿನ ತಿಂಗಳುಗಳು

(ಧಾರವಾಡದಲ್ಲಿ ಪತ್ರಿಕೋದ್ಯಮ ಮತ್ತು ಸಮಾಜಕಾರ್ಯ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನು ಉಳಿಸಿಕೊಂಡಿದ್ದೇನೆ.)

ವಿದ್ಯಾರ್ಥಿ ಮಿತ್ರರೇ,

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಸಿಸಿಟಿವಿಯಲ್ಲಿ ಸೆರೆಯಾದ ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದು ಅವಳಿ ನಗರವನ್ನೆಲ್ಲ ಮುಟ್ಟಿತು. ನಿಮ್ಮಲ್ಲಿ ಅನೇಕರು ಆಗ ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಇದ್ದಿರಿ. ನೋಡಿಯೇ ಇರುತ್ತೀರಿ. ಕೆಲವೇ ಸೆಕೆಂಡುಗಳ ಆ ದೃಶ್ಯದಿಂದ ನಮಗೆ ತಿಳಿದದ್ದು ಕೊಲೆ ಹೇಗೆ ನಡೆಯಿತು ಎಂಬುದಷ್ಟೇ. ಅಲ್ಲಿಯವರೆಗೆ ಅದು ಹೇಗೆ ಬಂದು ಮುಟ್ಟಿತು ಎಂಬುದರ ಒಂದು ಎಳೆಯೂ ಅದರಲ್ಲಿ ಇರಲಿಲ್ಲ. ಆ ಖಾಲಿ ಜಾಗವನ್ನು ತುಂಬಲು ಎಷ್ಟು ಜನ ಓಡಿ ಬಂದರೆಂದು ನಿಮಗೆ ನೆನಪಿದೆ. ಲೋಕಸಭಾ ಚುನಾವಣೆಯ ಕಾಲ ಅದು. ಬಂಧಿತನಾದವನ ಧರ್ಮವೇ ಇಡೀ ಚರ್ಚೆಯಾಯಿತು.

ಒಂದು ತಿಂಗಳು ತುಂಬುವ ಮೊದಲೇ, ಮೇ 15ರ ನಸುಕಿನಲ್ಲಿ, ಅದೇ ಊರಿನ ವೀರಾಪುರ ಓಣಿಯಲ್ಲಿ ಇಪ್ಪತ್ತು ವರ್ಷದ ಇನ್ನೊಬ್ಬ ಯುವತಿ ತನ್ನ ಮನೆಯೊಳಗೇ ಕೊಲೆಯಾದಳು. ಬೆದರಿಕೆಯ ವಿಷಯವನ್ನು ಪೊಲೀಸರಿಗೆ ಮೊದಲೇ ತಿಳಿಸಿದ್ದೆವು ಎಂದು ಮನೆಯವರು ಹೇಳಿದರು. ಕರ್ತವ್ಯಲೋಪದ ಕಾರಣಕ್ಕೆ ಪೊಲೀಸರ ಅಮಾನತೂ ಆಯಿತು. ಈ ಸಲ ಧರ್ಮದ ಚರ್ಚೆಗೆ ಆಸ್ಪದವಿರಲಿಲ್ಲ. ಮಾತು ಬೇಗ ತಣ್ಣಗಾಯಿತು. ಎರಡೂ ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾಣುವುದು ಒಂದೇ. ಹೆಣ್ಣುಮಗಳು ಒಲ್ಲೆ ಎಂದಿದ್ದಳು, ಆ ಮಾತನ್ನು ಗಂಡುಮಗ ತನಗಾದ ಅವಮಾನವೆಂದು ಎಣಿಸಿದ್ದ ಎಂಬ ಆರೋಪ. ಒಲ್ಲೆ ಎಂಬ ಮಾತಿಗೂ ಕೊಲೆಗೂ ನಡುವೆ ದಿನಗಳಿದ್ದವು, ವಾರಗಳಿದ್ದವು. ಆ ದಿನಗಳಲ್ಲಿ ಯಾರು ಯಾರಿಗೆ ಏನು ಹೇಳಿದರು, ಯಾರು ಕೇಳಿಸಿಕೊಂಡರು, ಯಾರು ನಕ್ಕು ಸುಮ್ಮನಾದರು? ಇದನ್ನು ಟಿವಿಯ ಸ್ಟುಡಿಯೋ ಹೇಳಲಾರದು. ಓಣಿಯಲ್ಲಿ, ಹಾಸ್ಟೆಲಿನಲ್ಲಿ, ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಇರುವ ನೀವು ಹೇಳಬಲ್ಲಿರಿ. ಇರಿತದ ನಿಮಿಷವನ್ನು ತೋರಿಸುವ ಕೆಲಸ ನಿಮ್ಮದಲ್ಲ, ಅದಕ್ಕೆ ಮುಂಚಿನ ತಿಂಗಳುಗಳ ಕಥೆಯನ್ನು ಹೇಳುವ ಕೆಲಸ ನಿಮ್ಮದು ಎಂದು ವಾದಿಸಲು ನಾನು ಇಲ್ಲಿ ನಿಂತಿದ್ದೇನೆ.

ಯುವಜನರು ಮಾಧ್ಯಮವನ್ನು ಬಳಸಬೇಕು ಎಂದು ಸಭೆಗಳಲ್ಲಿ ಹಿರಿಯರು ಕರೆ ಕೊಡುವುದನ್ನು ಕೇಳುತ್ತಿರುತ್ತೇನೆ. ಅವರು ಈಗಾಗಲೇ ಬಳಸುತ್ತಿದ್ದಾರೆ. ಹಿಂಸೆ ಮಾಡುವವರೂ ಬಳಸುತ್ತಿದ್ದಾರೆ. 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನಲ್ಲಿ ಬೇರೆ ಬೇರೆ ಧರ್ಮದ ಒಬ್ಬ ಮಹಿಳೆ ಮತ್ತು ಒಬ್ಬ ಪುರುಷ ತಂಗಿದ್ದ ವಸತಿಗೃಹಕ್ಕೆ ಗುಂಪೊಂದು ನುಗ್ಗಿತು. ಹೊಡೆಯುವುದನ್ನು ಆ ಗುಂಪೇ ಮೊಬೈಲಿನಲ್ಲಿ ಚಿತ್ರೀಕರಿಸಿತು, ವಿಡಿಯೋ ಹರಿದಾಡಿತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಆ ಮಹಿಳೆ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟ ಮೇಲೆ ಪ್ರಕರಣದ ಸ್ವರೂಪವೇ ಬದಲಾಯಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳು ಅಕ್ಕಿಆಲೂರಿನಲ್ಲಿ ಕಾರುಗಳ ಸಾಲು ಕಟ್ಟಿ ವಿಜಯೋತ್ಸವದಂತೆ ಮೆರವಣಿಗೆ ಮಾಡಿದರು. ಅದರ ವಿಡಿಯೋವೂ ಹೊರಬಂತು, ಹೊಸ ಪ್ರಕರಣ ದಾಖಲಾಯಿತು.

ಈ ಘಟನೆಯ ಬಗ್ಗೆ ನನಗೆ ಇಂದಿಗೂ ಕೋಪವಿದೆ, ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಕ್ಯಾಮೆರಾ ಹಿಂಸೆಗೆ ಸಾಕ್ಷಿಯಾಗಿ ಇರಲಿಲ್ಲ. ಅದು ಹಿಂಸೆಯದೇ ಒಂದು ಅಂಗವಾಗಿತ್ತು. ಹೊಡೆತದ ನೋವು ಒಂದು ದಿನಕ್ಕೆ ಮುಗಿಯದಿರಲಿ ಎಂದು ಅದನ್ನು ಚಿತ್ರೀಕರಿಸಲಾಯಿತು, ಊರೆಲ್ಲ ನೋಡಲಿ ಎಂದು ಹಂಚಲಾಯಿತು. ಇಂಥ ವಿಡಿಯೋ ನೋಡಿ ಮುಂದಕ್ಕೆ ಕಳಿಸುವ ಪ್ರತಿಯೊಬ್ಬನೂ ಆ ಗುಂಪಿನ ಕೆಲಸವನ್ನು ಅವರ ಪರವಾಗಿ ಮುಂದುವರಿಸುತ್ತಾನೆ. ಖಂಡಿಸುವ ಎರಡು ಸಾಲು ಬರೆದು ಕಳಿಸಿದರೂ ವಿಡಿಯೋ ಮಾಡುವ ಕೆಲಸ ಬದಲಾಗುವುದಿಲ್ಲ.

ಹಳೇ ಹುಬ್ಬಳ್ಳಿಯನ್ನೂ ನೆನೆಯಬೇಕು. 2022ರ ಏಪ್ರಿಲ್ 16ರ ರಾತ್ರಿ ಒಬ್ಬ ಯುವಕ ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಒಂದು ಚಿತ್ರದ ಕಾರಣಕ್ಕೆ ಪೊಲೀಸ್ ಠಾಣೆಯ ಮುಂದೆ ಜನ ಸೇರಿದರು, ಕಲ್ಲು ತೂರಾಟ ನಡೆಯಿತು, ಪೊಲೀಸರು ಗಾಯಗೊಂಡರು, ನೂರೈವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ಬಂಧಿತರಲ್ಲಿ ಅನೇಕರು ವರ್ಷ ದಾಟಿದರೂ ಜಾಮೀನಿಲ್ಲದೆ ಜೈಲಿನಲ್ಲಿದ್ದರು. ಕಲ್ಲು ಎಸೆದವರು ಯಾರು, ನೋಡಲು ಬಂದು ಸಿಕ್ಕಿಬಿದ್ದವರು ಯಾರು ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ನಾನು ಕೇಳುವುದು ಬೇರೆ. ಆ ರಾತ್ರಿಯ ವಿಡಿಯೋಗಳು ನೂರಾರು ಇವೆ. ಆ ಓಣಿಗಳ ಮನೆಗಳಲ್ಲಿ ಮುಂದಿನ ತಿಂಗಳುಗಳು ಹೇಗೆ ಕಳೆದವು, ಗಾಯಗೊಂಡ ಪೇದೆಯ ಮನೆಯಲ್ಲಿ ಏನಾಯಿತು, ದುಡಿಯುವ ಮಗ ಒಳಗಿರುವಾಗ ಬಾಡಿಗೆ ಕಟ್ಟಿದವರು ಯಾರು ಎಂಬುದರ ದಾಖಲೆ ಎಷ್ಟಿದೆ? ಪಕ್ಕದ ಧಾರವಾಡದಲ್ಲೇ ಇರುವ ನಿಮಗೆ ಅಲ್ಲಿಗೆ ಹೋಗಲು ಸಿಟಿ ಬಸ್ಸಿನ ಒಂದು ಟಿಕೆಟ್ ಸಾಕು.

ಮಾಧ್ಯಮವನ್ನು ನ್ಯಾಯಕ್ಕಾಗಿ ಹಿಡಿದ ಯುವಕರು ನಿಮಗಿಂತ ಮೊದಲೂ ಇದ್ದರು. 1920ರ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆ ಹೊರಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರಿಗೆ 28 ವರ್ಷ. ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ನೆರವು ಕೊಟ್ಟಿದ್ದರು. ದಲಿತರ ಬದುಕನ್ನು ದಲಿತರೇ ಹೇಳುವ ಜಾಗವೊಂದು ಬೇಕು, ಬೇರೆಯವರ ಪತ್ರಿಕೆಯಲ್ಲಿ ಬರುವ ಕರುಣೆಯ ನಾಲ್ಕು ಸಾಲು ಸಾಲದು ಎಂಬ ತಿಳಿವು ಅದರ ಹಿಂದಿತ್ತು. 1927ರಲ್ಲಿ ‘ಬಹಿಷ್ಕೃತ ಭಾರತ’ ಆರಂಭಿಸಿದರು. ಅದೇ ಅಂಬೇಡ್ಕರ್ ನಮ್ಮ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ಹಾಸ್ಟೆಲ್ ತೆರೆಸಿದರು. ಪತ್ರಿಕೆ ಮತ್ತು ಹಾಸ್ಟೆಲ್, ಎರಡನ್ನೂ ಒಬ್ಬನೇ ಮನುಷ್ಯ ಒಂದೇ ಕಾಲಘಟ್ಟದಲ್ಲಿ ಕಟ್ಟಿದ ಎಂಬುದನ್ನು ಸಮಾಜಕಾರ್ಯ ಓದುವವರು ವಿಶೇಷವಾಗಿ ಗಮನಿಸಬೇಕು. ಹೇಳುವುದು ಮತ್ತು ಮಾಡುವುದು ಅವರಿಗೆ ಬೇರೆ ಬೇರೆ ವಿಭಾಗಗಳಾಗಿರಲಿಲ್ಲ.

ಇನ್ನೊಬ್ಬರು ಅಮೆರಿಕದ ಐಡಾ ಬಿ. ವೆಲ್ಸ್. ಗುಲಾಮಳಾಗಿ 1862ರಲ್ಲಿ ಹುಟ್ಟಿದ ಈ ಹೆಣ್ಣುಮಗಳು ಮೆಂಫಿಸ್ ನಗರದಲ್ಲಿ ಪತ್ರಿಕೆಯೊಂದರ ಸಹ ಒಡತಿಯಾಗಿದ್ದರು. 1892ರಲ್ಲಿ ಅವರ ಗೆಳೆಯನೂ ಸೇರಿ ಮೂವರು ಕಪ್ಪು ಜನರನ್ನು ಗುಂಪೊಂದು ಜೈಲಿನಿಂದ ಎಳೆದೊಯ್ದು ಕೊಂದಿತು. ಆ ಕಾಲದಲ್ಲಿ ಇಂಥ ಕೊಲೆಗಳಿಗೆ ಸಿದ್ಧವಾದ ಒಂದು ಕಾರಣವಿರುತ್ತಿತ್ತು. ಬಿಳಿಯ ಹೆಣ್ಣಿನ ಮಾನಕ್ಕೆ ಕೈಹಾಕಿದರು ಎಂಬುದೇ ಆ ಕಾರಣ. ತೀರಿಕೊಂಡ ಮೂವರು ಒಂದು ಕಿರಾಣಿ ಅಂಗಡಿ ನಡೆಸುತ್ತಿದ್ದರು, ಅದರಿಂದ ಎದುರಿನ ಬಿಳಿಯನ ಅಂಗಡಿಗೆ ವ್ಯಾಪಾರ ಕುಸಿದಿತ್ತು ಎಂಬುದು ವೆಲ್ಸ್ ಅವರಿಗೆ ಗೊತ್ತಿತ್ತು. ಅಲ್ಲಿಂದ ಅವರು ಒಂದೊಂದೇ ಪ್ರಕರಣವನ್ನು ಎತ್ತಿಕೊಂಡು, ಬಿಳಿಯರ ಪತ್ರಿಕೆಗಳಲ್ಲೇ ಬಂದಿದ್ದ ವರದಿಗಳನ್ನು ಒಟ್ಟುಮಾಡಿ, ಘೋಷಿತ ಕಾರಣ ಎಷ್ಟು ಸಲ ಸುಳ್ಳಾಗಿತ್ತು ಎಂದು ತೋರಿಸಿದರು. ಅವರ ಮುದ್ರಣಾಲಯವನ್ನು ಗುಂಪು ನಾಶಮಾಡಿತು. ಆಗ ಅವರಿಗೆ 29 ವರ್ಷ. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ನೋಡಿ, ಅವರು ಮಾಡಿದ್ದು ಕೊಲೆಯ ಭೀಕರತೆಯನ್ನು ಬಣ್ಣಿಸುವುದಷ್ಟೇ ಅಲ್ಲ. ಅಂಗಡಿಯ ಪೈಪೋಟಿಯ ತಿಂಗಳುಗಳಿಗೆ ಹಿಂತಿರುಗಿ ಹೋದರು. ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ 2019ರ ನವೆಂಬರಿನಲ್ಲಿ, ಜಾತಿ ಮೀರಿ ಮದುವೆಯಾಗಿ ವರ್ಷಗಳ ನಂತರ ದೀಪಾವಳಿಗೆಂದು ಊರಿಗೆ ಬಂದಿದ್ದ ದಂಪತಿಯನ್ನು ಕಲ್ಲಿನಿಂದ ಜಜ್ಜಿ ಕೊಂದಾಗ ನಮ್ಮ ಪತ್ರಿಕೆಗಳು ಅದನ್ನು ಮರ್ಯಾದೆಯ ಕೊಲೆ ಎಂದೇ ಕರೆದವು. ಕೊಂದವರು ಕೊಟ್ಟ ಕಾರಣವೇ ಸುದ್ದಿಯ ಹೆಸರಾಯಿತು. 2025ರ ಜನವರಿಯಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ನಡುವಿನ ಐದು ವರ್ಷಗಳಲ್ಲಿ ಆ ದಂಪತಿಯ ಮಕ್ಕಳು ಹೇಗೆ ಬೆಳೆದರು ಎಂದು ಎಷ್ಟು ಜನ ವಿಚಾರಿಸಿದರು?

ಐಡಾ ಬಿ. ವೆಲ್ಸ್ ಮುಂದೆ ಶಿಕಾಗೋ ನಗರದಲ್ಲಿ ನೆಲೆಸಿದರು. ಅವರು ತೀರಿಕೊಂಡ ಮೇಲೆ ಅಲ್ಲಿ ಬಡವರಿಗಾಗಿ ಕಟ್ಟಿದ ಸರಕಾರಿ ವಸತಿ ಸಮುಚ್ಚಯವೊಂದಕ್ಕೆ 1941ರಲ್ಲಿ ಅವರ ಹೆಸರಿಟ್ಟರು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಆ ಕಟ್ಟಡಗಳು ಬಡತನಕ್ಕೂ ಗುಂಡಿನ ಸದ್ದಿಗೂ ಹೆಸರಾಗಿದ್ದವು. 1993ರಲ್ಲಿ ಹದಿಮೂರು, ಹದಿನಾಲ್ಕು ವಯಸ್ಸಿನ ಇಬ್ಬರು ಹುಡುಗರ ಕೈಗೆ ರೇಡಿಯೋ ನಿರ್ಮಾಪಕರೊಬ್ಬರು ಟೇಪ್ ರೆಕಾರ್ಡರ್ ಕೊಟ್ಟರು. ನಿಮ್ಮ ದಿನನಿತ್ಯದ ಬದುಕನ್ನು ದಾಖಲಿಸಿ ಎಂದರು. ಹುಡುಗರು ಅಜ್ಜಿಯನ್ನು ಮಾತಾಡಿಸಿದರು, ಅಕ್ಕನನ್ನು ಮಾತಾಡಿಸಿದರು, ಕುಡಿತಕ್ಕೆ ಬಿದ್ದ ತಂದೆಯನ್ನೂ ಮಾತಾಡಿಸಿದರು. ಆ ಕಾರ್ಯಕ್ರಮ ದೇಶಾದ್ಯಂತ ಪ್ರಸಾರವಾಯಿತು.

ಮರುವರ್ಷ ಅಕ್ಟೋಬರಿನಲ್ಲಿ ಅದೇ ಸಮುಚ್ಚಯದ ಹದಿನಾಲ್ಕನೆಯ ಮಹಡಿಯ ಕಿಟಕಿಯಿಂದ ಐದು ವರ್ಷದ ಮಗುವೊಂದನ್ನು ಹತ್ತು ಮತ್ತು ಹನ್ನೊಂದು ವರ್ಷದ ಇಬ್ಬರು ಹುಡುಗರು ಕೆಳಗೆ ಬೀಳಿಸಿದರು. ಅಂಗಡಿಯಿಂದ ಮಿಠಾಯಿ ಕದ್ದು ತರಲು ಆ ಮಗು ಒಪ್ಪಿರಲಿಲ್ಲ. ಅಮೆರಿಕವೇ ಬೆಚ್ಚಿತು. ಮಕ್ಕಳೇ ರಾಕ್ಷಸರಾಗಿದ್ದಾರೆ ಎಂಬ ಧಾಟಿಯ ಮಾತು ಎಲ್ಲೆಡೆ ಕೇಳಿಸಿತು. ಹಿಂದೆ ಟೇಪ್ ರೆಕಾರ್ಡರ್ ಹಿಡಿದಿದ್ದ ಅದೇ ಇಬ್ಬರು ಹುಡುಗರು ಮತ್ತೆ ಅದನ್ನು ಹಿಡಿದು ಹೊರಟರು. ಹೊರಗಿನ ವರದಿಗಾರರು ಬಂದು ಹೋದ ಮೇಲೂ ಅವರು ಕೇಳುತ್ತಲೇ ಇದ್ದರು. ನೆರೆಯವರನ್ನು, ಮಕ್ಕಳನ್ನು, ವಸತಿ ಇಲಾಖೆಯ ಹೊಣೆ ಹೊತ್ತಿದ್ದವರನ್ನು, ಬೀಳಿಸಿದ ಹುಡುಗನೊಬ್ಬನ ತಂದೆಯನ್ನೂ ಕೇಳಿದರು. ಹದಿಹರೆಯದವರು ಕೇಳಿದ ಆ ಪ್ರಶ್ನೆಗಳು 1996ರಲ್ಲಿ ಪ್ರಸಾರವಾಗಿ ಅಮೆರಿಕದ ಪ್ರಸಾರ ಕ್ಷೇತ್ರದ ದೊಡ್ಡ ಗೌರವವಾದ ಪೀಬಾಡಿ ಪ್ರಶಸ್ತಿ ಪಡೆದವು. ನನಗೆ ಪ್ರಶಸ್ತಿಗಿಂತ ಮುಖ್ಯವೆನಿಸುವುದು ಅವರು ಕೇಳಿದ ರೀತಿ. ಅವರಿಗೆ ಆ ಕಟ್ಟಡದ ಲಿಫ್ಟು ಯಾವಾಗ ಕೆಡುತ್ತದೆ, ಯಾವ ಮೆಟ್ಟಿಲಿನಲ್ಲಿ ದೀಪವಿಲ್ಲ ಎಂಬುದು ಗೊತ್ತಿತ್ತು. ಸತ್ತ ಮಗುವೂ ಕೊಂದ ಮಕ್ಕಳೂ ಅದೇ ಮೆಟ್ಟಿಲು ಹತ್ತಿಳಿದವರು ಎಂಬುದು ಅವರಿಗೆ ಯಾರೂ ವಿವರಿಸಬೇಕಾದ ಸಂಗತಿಯಾಗಿರಲಿಲ್ಲ.

ಈಗ ಹುಬ್ಬಳ್ಳಿಗೆ ಬನ್ನಿ. 2025ರ ಮೇ ತಿಂಗಳಲ್ಲಿ ಇಲ್ಲಿ ಆರನೆಯ ತರಗತಿಯ ಹುಡುಗನೊಬ್ಬ ಒಂಬತ್ತನೆಯ ತರಗತಿಯ ಹುಡುಗನನ್ನು ಚಾಕುವಿನಿಂದ ಇರಿದ ಪ್ರಕರಣ ನಡೆಯಿತು, ಒಂದು ಜೀವ ಹೋಯಿತು. ಆಟವಾಡುವ ಹೊತ್ತಿನ ಸಣ್ಣ ಜಗಳ ಎಂದು ವರದಿಯಾಯಿತು. ಎರಡು ದಿನ ಎಲ್ಲ ಚಾನೆಲುಗಳೂ ಅಲ್ಲಿದ್ದವು. ಮೊಬೈಲ್ ಕೆಡಿಸಿತು, ಸಿನಿಮಾ ಕೆಡಿಸಿತು, ತಾಯಿತಂದೆ ಸರಿಯಿಲ್ಲ ಎಂಬ ಮೂರು ತೀರ್ಪುಗಳು ಬಂದವು. ನಂತರ ಎಲ್ಲರೂ ಹೊರಟುಹೋದರು. ಆ ಬಡಾವಣೆಯ ಮಕ್ಕಳು ಈಗ ಸಂಜೆ ಎಲ್ಲಿ ಆಡುತ್ತಾರೆ? ಬೇಸಿಗೆ ರಜೆಯಲ್ಲಿ ಅವರನ್ನು ನೋಡಿಕೊಳ್ಳುವವರು ಯಾರು? ಮನೆಯಿಂದ ಚಾಕು ತರುವ ಮಾತನ್ನು ಮಕ್ಕಳು ಜಗಳದಲ್ಲಿ ಎಷ್ಟು ಸಲ ಆಡುತ್ತಾರೆ, ಅದನ್ನು ಕೇಳಿದ ಇತರ ಮಕ್ಕಳು ಯಾರಿಗಾದರೂ ಹೇಳುತ್ತಾರೆಯೇ? ಆ ಓಣಿಯಲ್ಲಿ ಬೆಳೆದ, ಈಗ ಪದವಿ ಓದುತ್ತಿರುವ ಹುಡುಗನೋ ಹುಡುಗಿಯೋ ಇದನ್ನು ಕೇಳಬಲ್ಲರು. ಅವರಿಗೆ ಬರುವ ಉತ್ತರ ನನಗೆ ಬರುವುದಿಲ್ಲ. ನನ್ನನ್ನು ಕಂಡರೆ ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳುತ್ತಾರೆ.

ಇಲ್ಲಿ ಒಂದು ಕಾನೂನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಾಲನ್ಯಾಯ ಕಾಯ್ದೆ, 2015ರ ಕಲಂ 74ರ ಪ್ರಕಾರ ಕಾನೂನಿನ ಸಂಘರ್ಷಕ್ಕೆ ಒಳಗಾದ ಮಗು, ಬಲಿಪಶುವಾದ ಮಗು ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಅದರ ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಪತ್ರಿಕೆ, ಟಿವಿಗಷ್ಟೇ ಅಲ್ಲ, ಬೇರೆ ಯಾವುದೇ ಸಂವಹನ ಮಾಧ್ಯಮಕ್ಕೂ ಅದು ಅನ್ವಯಿಸುತ್ತದೆ. ಅಂದರೆ ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 72ರ ಅಡಿ ಅಪರಾಧ. ಇವನ್ನು ಅಡ್ಡಿ ಎಂದು ತಿಳಿಯಬೇಡಿ. ಹೆಸರು, ಮುಖ ಇಲ್ಲದೆ ಕಥೆ ಹೇಳಲು ಕಲಿತವನು ಕಾರಣಗಳನ್ನು ಹುಡುಕಲೇಬೇಕಾಗುತ್ತದೆ.

ಹಿಂಸೆಯ ಸುದ್ದಿಯಲ್ಲಿ ಊರಿನ ಕೆಲವು ಭಾಗಗಳ ಹೆಸರು ಮಾತ್ರ ಮತ್ತೆ ಮತ್ತೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಇದೆ, ಗದಗ-ಬೆಟಗೇರಿಯಲ್ಲೂ ಇದೆ. ಆ ಹೆಸರು ಎಲ್ಲಿಂದ ಬಂತೆಂದು ಪಕ್ಕದ ಬಡಾವಣೆಯಲ್ಲಿ ಹುಟ್ಟಿ ಬೆಳೆದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಕೆಲವು ಸಮುದಾಯಗಳಲ್ಲಿ ಹುಟ್ಟುವುದನ್ನೇ ಅಪರಾಧದ ಗುರುತನ್ನಾಗಿ ಮಾಡಿದರು. ಮುಂಬಯಿ ಪ್ರಾಂತ್ಯದಲ್ಲಿ ಅಂಥ ಕುಟುಂಬಗಳನ್ನು ಹಿಡಿದು ತಂದು ಕಾವಲಿನಲ್ಲಿ ಇಟ್ಟ ಜಾಗಗಳೇ ಸೆಟ್ಲ್‌ಮೆಂಟುಗಳು. ಒಳಗಿದ್ದವರು ಹಾಜರಿ ಹಾಕಬೇಕಿತ್ತು, ಅನುಮತಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ಕಾಯ್ದೆ ಹೋಯಿತು, ಸಂಶಯ ಹೋಗಲಿಲ್ಲ. ಅಲ್ಲಿನ ಹುಡುಗನೊಬ್ಬ ಕೆಲಸಕ್ಕೆ ಅರ್ಜಿ ಹಾಕುವಾಗ ವಿಳಾಸದಲ್ಲಿ ಪಕ್ಕದ ಬಡಾವಣೆಯ ಹೆಸರು ಬರೆಯುತ್ತಾನೆ. ಯುವಕರ ಹಿಂಸೆಯ ಬಗ್ಗೆ ಮಾತಾಡುವಾಗ ಈ ಹಿಂಸೆಯನ್ನು ಬಿಟ್ಟು ಮಾತಾಡುವುದು ಅನ್ಯಾಯ. ‘ಸೆಟ್ಲ್‌ಮೆಂಟಿನ ಯುವಕರಿಂದ ಹಲ್ಲೆ’ ಎಂದು ಶೀರ್ಷಿಕೆ ಕೊಡುವವರು ‘ವಿದ್ಯಾನಗರದ ಯುವಕರಿಂದ ಹಲ್ಲೆ’ ಎಂದು ಎಷ್ಟು ಸಲ ಬರೆದಿದ್ದಾರೆ ಎಂದು ಹುಡುಕಿ ನೋಡಿ. ಒಂದು ವರ್ಷದ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಕೂತು ತಿರುವಿ, ಅಪರಾಧ ಸುದ್ದಿಯಲ್ಲಿ ಯಾವ ಬಡಾವಣೆಯ ಹೆಸರು ಎಷ್ಟು ಸಲ ಬಂತು, ಯಾವ ಜಾತಿ-ಧರ್ಮದ ಉಲ್ಲೇಖ ಯಾವಾಗ ಬಂತು, ಯಾವಾಗ ಬರಲಿಲ್ಲ ಎಂದು ಪಟ್ಟಿ ಮಾಡಿ. ಐಡಾ ಬಿ. ವೆಲ್ಸ್ ಮಾಡಿದ್ದು ಇಂಥ ಕೆಲಸವನ್ನೇ. ಇದಕ್ಕೆ ಕ್ಯಾಮೆರಾ ಬೇಡ, ಪೆನ್ಸಿಲ್ಲು, ತಾಳ್ಮೆ ಸಾಕು.

ವಿದ್ಯಾರ್ಥಿಗಳು ಮಾಡುವ ಕಿರುಚಿತ್ರಗಳ ಬಗ್ಗೆ ಸ್ವಲ್ಪ ಕಠಿಣವಾಗಿ ಮಾತಾಡಬೇಕಾಗಿದೆ. ಕಾಲೇಜುಗಳ ಸ್ಪರ್ಧೆಗಳಲ್ಲಿ ನಾನು ನೋಡಿದ ‘ಜಾಗೃತಿ’ ಚಿತ್ರಗಳಲ್ಲಿ ಬಹುಪಾಲು ಹೀಗಿರುತ್ತವೆ: ಒಬ್ಬ ಹುಡುಗ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ನಿಧಾನಗತಿಯಲ್ಲಿ ಚಾಕು ಹೊರಬರುತ್ತದೆ, ಸಂಗೀತ ಏರುತ್ತದೆ, ತಾಯಿ ಅಳುತ್ತಾಳೆ, ಕಪ್ಪು ಪರದೆಯ ಮೇಲೆ ಹಿಂಸೆ ಬೇಡ ಎಂಬ ಸಾಲು ಮೂಡುತ್ತದೆ. ಚಿತ್ರದ ಅತ್ಯುತ್ತಮ ಬೆಳಕು, ಅತ್ಯುತ್ತಮ ಶಾಟ್ ಚಾಕುವಿಗೇ ಸಂದಿರುತ್ತದೆ. ನೋಡುವ ಹದಿನಾರರ ಹುಡುಗನ ಮನಸ್ಸಿನಲ್ಲಿ ಉಳಿಯುವುದು ಯಾವುದು? ಕೊನೆಯ ಸಾಲು ಉಳಿಯುವುದಿಲ್ಲ.

ಅದಕ್ಕಿಂತ ಭಿನ್ನವಾದದ್ದನ್ನೂ ಕೇಳಿದ್ದೇನೆ. ಗದಗದಿಂದ ಹುಬ್ಬಳ್ಳಿಗೆ ದಿನವೂ ರೈಲಿನಲ್ಲಿ ಓದಲು ಬರುವ ವಿದ್ಯಾರ್ಥಿನಿಯೊಬ್ಬಳು ತನ್ನ ಸಹಪ್ರಯಾಣಿಕರ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಯಾಗಿ ಮಾತ್ರ ದಾಖಲಿಸಿದ್ದಳು. ಹುಲಕೋಟಿ, ಅಣ್ಣಿಗೇರಿ, ಹೆಬಸೂರು, ಕುಸುಗಲ್ ಎಂದು ನಿಲ್ದಾಣಗಳು ಬರುತ್ತವೆ, ಹುಡುಗಿಯರು ಮಾತಾಡುತ್ತಾರೆ. ಯಾವ ನಿಲ್ದಾಣದಲ್ಲಿ ಯಾರು ಹತ್ತುತ್ತಾರೆಂದು ಬೋಗಿ ಬದಲಿಸುತ್ತಾರೆ, ಒಬ್ಬ ತಿಂಗಳುಗಟ್ಟಲೆ ಬಾಗಿಲ ಬಳಿ ನಿಂತು ನೋಡುತ್ತಿದ್ದರೆ ಅದನ್ನು ಮನೆಯಲ್ಲಿ ಏಕೆ ಹೇಳುವುದಿಲ್ಲ ಎಂದು ಹೇಳುತ್ತಾರೆ. ಹೇಳಿದರೆ ಕಾಲೇಜು ಬಿಡಿಸುತ್ತಾರೆ. ಒಬ್ಬಳು ಹೀಗೆ ಹೇಳಿದ ಮೇಲೆ ಬಹಳ ಹೊತ್ತು ಹಳಿಯ ಸದ್ದು ಮಾತ್ರ ಕೇಳಿಸುತ್ತದೆ. ಯಾರ ಮುಖವೂ ಇಲ್ಲ, ಯಾರ ಹೆಸರೂ ಇಲ್ಲ. ಅದನ್ನು ಅವಳ ತರಗತಿಯಲ್ಲಿ ಕೇಳಿಸಿದಾಗ ಗಂಡುಹುಡುಗರು ಮೊದಲ ಸಲ ಪ್ರಶ್ನೆ ಕೇಳಲು ಆರಂಭಿಸಿದರು. ಬೋಧನೆಯ ಧಾಟಿಯಲ್ಲಿ ಯಾರೂ ಅವರನ್ನು ಬೈದಿರಲಿಲ್ಲವಲ್ಲ. ಒಬ್ಬ ಎದ್ದು, ನಾವು ಗೆಳೆಯನಿಗಾಗಿ ಹುಡುಗಿಯ ನಂಬರ್ ತಂದುಕೊಡುತ್ತೇವೆ, ಅದು ಇದೇ ಸಾಲಿಗೆ ಬರುತ್ತದೆಯೇ ಎಂದು ಕೇಳಿದ. ಬರುತ್ತದೆ. ಆ ಪ್ರಶ್ನೆ ಹುಟ್ಟಿತಲ್ಲ, ಮಾಧ್ಯಮದಿಂದ ನಾನು ಬಯಸುವುದು ಅದನ್ನೇ.

ಈ ಮಣ್ಣಿಗೆ ಇದು ಹೊಸದೂ ಅಲ್ಲ. ಬೈಲಹೊಂಗಲದ ಕಡೆ ನಡೆದ ಕೊಲೆಯೊಂದರ ಸುತ್ತ ಕಟ್ಟಿದ ‘ಸಂಗ್ಯಾ-ಬಾಳ್ಯಾ’ ಎಂಬ ಸಣ್ಣಾಟ, ನಮ್ಮ ಕಡೆಯ ಜನಪದ ನಾಟಕ, ನಿಮಗೆಲ್ಲ ಗೊತ್ತಿದೆ. ಮುಂದೆ ಏನಾಗುತ್ತದೆ ಎಂದು ತಿಳಿದೇ ಜನ ರಾತ್ರಿಯಿಡೀ ಕೂರುತ್ತಾರೆ. ಆಸೆ ಹೇಗೆ ಹುಟ್ಟಿತು, ನಡುವೆ ನಿಂತವರು ಏನು ಮಾಡಿದರು, ಗೆಳೆಯ ಎಲ್ಲಿ ತಡೆಯಬಹುದಿತ್ತು ಎಂಬುದನ್ನು ಆಟ ಗಂಟೆಗಟ್ಟಲೆ ಹೇಳುತ್ತದೆ. ಕೊಲೆ ಬರುವುದು ಕೊನೆಗೆ. ನಮ್ಮ ಅಜ್ಜಂದಿರಿಗೆ ಇದ್ದ ಈ ತಾಳ್ಮೆಯನ್ನು ಮೂವತ್ತು ಸೆಕೆಂಡಿನ ರೀಲ್ ನಮ್ಮಿಂದ ಕಸಿದುಕೊಂಡಿದೆ.

ಎಲ್ಲಿ ಪ್ರಸಾರ ಮಾಡಬೇಕು ಎಂಬ ಪ್ರಶ್ನೆಗೆ ಧಾರವಾಡದವರಾದ ನಿಮ್ಮ ಬಳಿ ಉತ್ತರಗಳಿವೆ. 1950ರ ಜನವರಿ 8ರಂದು ಆರಂಭವಾದ ಆಕಾಶವಾಣಿ ಇಲ್ಲಿದೆ. 1995ರಲ್ಲಿ ಸುಪ್ರೀಂ ಕೋರ್ಟ್ ತರಂಗಗಳು ಸಾರ್ವಜನಿಕ ಸೊತ್ತು ಎಂದು ಹೇಳಿತು. ಅದರ ಬಲದಿಂದ ಸಮುದಾಯ ರೇಡಿಯೋ ಬಂತು. ಮೊದಲು ಶಿಕ್ಷಣ ಸಂಸ್ಥೆಗಳಿಗೆ, 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಅನುಮತಿ ಸಿಕ್ಕಿತು. ಇಲ್ಲಿನ ಕೃಷಿ ವಿಶ್ವವಿದ್ಯಾಲಯ 2007ರಲ್ಲೇ ತನ್ನ ಸಮುದಾಯ ರೇಡಿಯೋ ಆರಂಭಿಸಿತು. ನಿಯಮದಂತೆ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರು ಸೇರಿ ಸಿದ್ಧಪಡಿಸಿದ್ದಾಗಿರಬೇಕು. ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶವಿಲ್ಲ, ಆಕಾಶವಾಣಿಯ ಸುದ್ದಿಯನ್ನು ಮಾತ್ರ ಕೊಡಬಹುದು. ಈ ನಿರ್ಬಂಧ ತಪ್ಪು ಎಂದು ನಾನು ನಂಬಿದ್ದೇನೆ. ಆದರೆ ನಾನು ಹೇಳುತ್ತಿರುವ ಬಗೆಯ ಸಂಭಾಷಣೆ, ನೆನಪು, ರೈಲಿನ ಮಾತು, ಇವಕ್ಕೆ ಆ ನಿರ್ಬಂಧ ಅಡ್ಡ ಬರುವುದಿಲ್ಲ. ರೇಡಿಯೋ ಸಿಗದಿದ್ದರೆ ಗೋಡೆ ಪತ್ರಿಕೆ ಮಾಡಿ. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ ಹೋಗಿ, ಅಲ್ಲಿ ಮಕ್ಕಳು ಹೇಳಿದ ದೂರುಗಳಿಗೆ ಮುಂದೆ ಏನಾಯಿತು ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. ಬಂದ ಉತ್ತರವನ್ನು ಅದೇ ಊರಿನ ಶಾಲೆಯ ಗೋಡೆಗೆ ಅಂಟಿಸಿ. ಲಕ್ಷ ಜನ ನೋಡುವುದಿಲ್ಲ. ನೋಡಬೇಕಾದ ಇನ್ನೂರು ಜನ ನೋಡುತ್ತಾರೆ.

ದಾಖಲಿಸಿಕೊಳ್ಳುವಾಗ ಒಂದು ಶಿಸ್ತನ್ನು ಬಿಡಬೇಡಿ. ಮಾತು ಕೊಟ್ಟವರಿಗೆ ಅದನ್ನು ಪ್ರಸಾರಕ್ಕೆ ಮೊದಲು ಕೇಳಿಸಿ. ಬೇಡ ಎಂದರೆ ಅವರ ಎದುರಿನಲ್ಲೇ ಅಳಿಸಿ. ದುಃಖದಲ್ಲಿರುವ ಮನೆಗೆ ಮೊದಲ ದಿನ ಮೊಬೈಲ್ ಹಿಡಿದು ಹೋಗಬೇಡಿ. ಎರಡು ತಿಂಗಳು ಬಿಟ್ಟು ಹೋದವನಿಗೆ ಆ ಮನೆಯವರು ಹೇಳುವುದು ಹೆಚ್ಚು, ಏಕೆಂದರೆ ಅಷ್ಟರಲ್ಲಿ ಬೇರೆಲ್ಲರೂ ಬರುವುದನ್ನು ನಿಲ್ಲಿಸಿರುತ್ತಾರೆ.

ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಹಾಗಾದರೆ ಕಣ್ಣೆದುರು ಹಲ್ಲೆ ನಡೆಯುತ್ತಿದ್ದರೆ ಚಿತ್ರೀಕರಿಸಲೇಬಾರದೆ?”

ಚಿತ್ರೀಕರಿಸಬೇಕು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಮೊಣಕಾಲೂರಿದಾಗ ಡಾರ್ನೆಲ್ಲಾ ಫ್ರೇಜಿಯರ್ ಎಂಬ ಹದಿನೇಳರ ಹುಡುಗಿ ಅಲುಗಾಡದೆ ನಿಂತು ಚಿತ್ರೀಕರಿಸಿದಳು. ಪೊಲೀಸರ ಮೊದಲ ಹೇಳಿಕೆ ಅದನ್ನು ವೈದ್ಯಕೀಯ ತೊಂದರೆಯಿಂದಾದ ಸಾವು ಎಂಬಂತೆ ವಿವರಿಸಿತ್ತು. ಅವಳ ವಿಡಿಯೋ ಇಲ್ಲದಿದ್ದರೆ ಅದೇ ಸತ್ಯವಾಗಿ ಉಳಿಯುತ್ತಿತ್ತು. 2021ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಅವಳಿಗೆ ವಿಶೇಷ ಗೌರವ ನೀಡಿತು. ಬಲವುಳ್ಳವರು ಹೊಡೆಯುತ್ತಿರುವಾಗ ಸಾಕ್ಷಿ ಬೇಕೇ ಬೇಕು. ಮೊದಲು 112ಕ್ಕೆ ಕರೆ ಮಾಡಿ, ಮಗುವಾದರೆ 1098ಕ್ಕೆ, ಮಹಿಳೆಯಾದರೆ 181ಕ್ಕೂ ಮಾಡಬಹುದು. ನಿಮ್ಮ ಜೀವಕ್ಕೆ ಅಪಾಯವಿಲ್ಲದ ದೂರದಿಂದ ದಾಖಲಿಸಿ. ಮೂಲ ಫೈಲನ್ನು ಕತ್ತರಿಸದೆ, ಹೆಸರು ಬದಲಿಸದೆ ಇಟ್ಟುಕೊಳ್ಳಿ. ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತ ಪ್ರತಿ ಪಡೆಯಿರಿ. ಅಧಿಕಾರಿಯ ಮೇಲೆಯೇ ಸಂಶಯವಿದ್ದರೆ ನೊಂದವರ ವಕೀಲರಿಗೂ ಒಂದು ಪ್ರತಿ ಕೊಡಿ. ಸಾರ್ವಜನಿಕವಾಗಿ ಹಾಕಬೇಕೇ ಎಂಬುದನ್ನು ನೊಂದವರು ಅಥವಾ ಅವರ ಮನೆಯವರು ತೀರ್ಮಾನಿಸಲಿ. ಡಾರ್ನೆಲ್ಲಾ ವಿಡಿಯೋವನ್ನು ನೇರವಾಗಿ ಜನರ ಮುಂದಿಟ್ಟಳು, ಅಲ್ಲಿ ಅಡಗಿಸುತ್ತಿದ್ದದ್ದು ಅಧಿಕಾರ. ಹಾನಗಲ್ಲಿನಲ್ಲಿ ಹಂಚುತ್ತಿದ್ದದ್ದು ಹೊಡೆದವರು. ಮೊಬೈಲು ನಿಮ್ಮ ಕೈಯಲ್ಲಿರುವ ಆ ಗಳಿಗೆಯಲ್ಲಿ ಇವೆರಡರಲ್ಲಿ ನೀವು ಯಾರ ಪಕ್ಕದಲ್ಲಿ ನಿಂತಿದ್ದೀರಿ ಎಂದು ಕೇಳಿಕೊಂಡು ನಿರ್ಧರಿಸಿ.

ಅವಳು ಇನ್ನೊಂದನ್ನೂ ಕೇಳಿದಳು. ಗೆಳತಿಗೆ ಬರುತ್ತಿರುವ ಬೆದರಿಕೆಯ ಸಂದೇಶಗಳು ತನ್ನ ಮೊಬೈಲಿನಲ್ಲಿವೆ, ಅವನ್ನು ಕಥೆಯಾಗಿ ಮಾಡಬಹುದೇ ಎಂದು. ಈಗ ಬೇಡ. ಮೊದಲು ಗೆಳತಿಯ ಒಪ್ಪಿಗೆ ಪಡೆದು ಆ ಸಂದೇಶಗಳನ್ನು ದಿನಾಂಕ ಸಮೇತ ಮುದ್ರಿಸಿಕೊಂಡು, ಇಬ್ಬರು ಅಧ್ಯಾಪಕರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ ದೂರು ಕೊಡಬೇಕು, ಎಫ್‌ಐಆರ್ ಪ್ರತಿ ಕೇಳಿ ಪಡೆಯಬೇಕು ಎಂದೆ. ಸಭೆ ಮುಗಿದ ಮೇಲೆ ಅವಳ ವಿಭಾಗದ ಇಬ್ಬರು ಅಧ್ಯಾಪಕಿಯರು ಅವಳೊಂದಿಗೆ ಮಾತಾಡಿದರು. ಮರುದಿನ ಬೆಳಿಗ್ಗೆ ಗೆಳತಿಯನ್ನೂ ಕರೆದುಕೊಂಡು ಠಾಣೆಗೆ ಹೋಗುವುದೆಂದು ಗೊತ್ತುಮಾಡಿಕೊಂಡರು.